ಚಾವಡಿಯ ಗೋಡೆಗೊಂದು ನಗೆಯ ಪಟ

ಪುತ್ತೂರು, ಸುಳ್ಯ, ಕಡಬದ ಹಳೆಯ ಮನೆಗಳ ಚಾವಡಿಯಲ್ಲಿ ತಲೆಯೆತ್ತಿದರೆ ಕಾಣುವುದು ದೇವರ ಪಟ, ಪಕ್ಕದಲ್ಲಿ ಮಾಲೆ ಹಾಕಿದ ಅಜ್ಜ-ಅಜ್ಜಿ, ಮತ್ತೊಂದು ಗೋಡೆಯಲ್ಲಿ ಮದುವೆಯ ಫೋಟೋ. ಚಿತ್ರಕ್ಕೆ ಕಟ್ಟು ಹಾಕಿಸುವುದೆಂದರೆ ಅದಕ್ಕೆ ಮರ್ಯಾದೆ ಕೊಡುವುದು. ಸುಮ್ಮನೆ ನಗಿಸುವ ಚಿತ್ರಕ್ಕೆ ಆ ಮರ್ಯಾದೆ ಸಿಕ್ಕಿದ್ದು ಕಡಿಮೆ. ಪೇಪರಿನಲ್ಲಿ ಬಂತು, ನಕ್ಕದ್ದಾಯಿತು, ಮರುದಿನ ಅದೇ ಪೇಪರು ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಹೋಯಿತು.

ಇದು ಬೇಸರದ ಸಂಗತಿ.

ವ್ಯಂಗ್ಯಚಿತ್ರ ಎಂದೊಡನೆ ರಾಜಕಾರಣಿಯ ಉದ್ದ ಮೂಗು ನೆನಪಾಗುತ್ತದೆ. ಅದರ ನಗೆಗೆ ಆ ದಿನದ ಸುದ್ದಿ ಬೇಕು. ತಲೆಬುಡವಿಲ್ಲದ ಚಿತ್ರಕ್ಕೆ ಸುದ್ದಿಯ ಹಂಗಿಲ್ಲ. ಬಂಗಾಳದ ಸುಕುಮಾರ್ ರೇ 1923ರ ‘ಆಬೋಲ್ ತಾಬೋಲ್’ ಪುಸ್ತಕದಲ್ಲಿ ಬಾತುಕೋಳಿಗೂ ಮುಳ್ಳುಹಂದಿಗೂ ಒಂದೇ ಮೈ ಕೊಟ್ಟರು. ನೂರು ವರ್ಷ ಕಳೆದರೂ ಆ ಪ್ರಾಣಿ ಹಳತಾಗಿಲ್ಲ. ಲಂಡನ್ನಿಗೆ ಹೋಗಿ ಮುದ್ರಣ ವಿದ್ಯೆ ಕಲಿತು ಬಂದಿದ್ದ ರೇ ಅವರಿಗೆ ಯಾವ ಗೆರೆ ಅಚ್ಚಿನಲ್ಲಿ ನಿಲ್ಲುತ್ತದೆಂಬುದೂ ಗೊತ್ತಿತ್ತು.

ಇಂಥ ಚಿತ್ರದ ಗುಟ್ಟು ಒಂದೇ: ಒಂದನ್ನು ಮಾತ್ರ ಬುಡಮೇಲು ಮಾಡಿ ಉಳಿದದ್ದನ್ನೆಲ್ಲ ಇದ್ದ ಹಾಗೆಯೇ ಬರೆಯಬೇಕು. ಅಡಿಕೆ ಮರವೊಂದು ತಳೆ ಹಾಕಿಕೊಂಡು ಮನುಷ್ಯನನ್ನು ಹತ್ತುತ್ತಿದೆ ಎಂದುಕೊಳ್ಳಿ. ಮನುಷ್ಯ ಅಲುಗದೆ ನಿಂತಿದ್ದಾನೆ. ಮರದ ತಲೆಯ ಮೇಲೆ ಮುಟ್ಟಾಳೆ. ತಳೆಯ ಗಂಟು, ಹಾಳೆಯ ಮಡಿಕೆ ಸರಿಯಿದ್ದರಷ್ಟೇ ಸುಳ್ಯದ ತೋಟದವರು ಬಾಯಿತುಂಬ ನಕ್ಕಾರು. ಆ ವಿವರ ತಪ್ಪಿದರೆ ಕಣ್ಣು ತಪ್ಪಿನ ಮೇಲೇ ನಿಲ್ಲುತ್ತದೆ.

ಕನ್ನಡದಲ್ಲಿ ನಗೆಚಿತ್ರಕ್ಕೆ ಒಳ್ಳೆಯ ಮನೆ ಕಟ್ಟಿಕೊಟ್ಟದ್ದು ಹಾಸ್ಯಲೇಖಕ ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಪತ್ರಿಕೆ. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ತಮ್ಮ ‘ಶ್ರೀಸಾಮಾನ್ಯ’ ಪಾತ್ರದಿಂದ ದೇಶಕ್ಕೆಲ್ಲ ಪರಿಚಿತರಾದ ಮೇಲೂ ಅವರು ಕಾಗೆಗಳನ್ನು ಬರೆಯುವುದು ಬಿಡಲಿಲ್ಲ. ರಾಜಕೀಯದ ಸೋಂಕಿಲ್ಲದ ಆ ಕಾಗೆಗಳು ಇಂದಿಗೂ ಗೋಡೆಗೆ ಒಪ್ಪುತ್ತವೆ. ಸುಳ್ಯದ ಕಡೆಯವರಿಗಂತೂ ತಮ್ಮ ಹಳ್ಳಿಯ ಹೆಸರನ್ನೇ ಹೊತ್ತ ವ್ಯಂಗ್ಯಚಿತ್ರಕಾರ ದಿನೇಶ್ ಕುಕ್ಕುಜಡ್ಕ ಇದ್ದಾರೆ.

ಆದರೆ ಇಂಥ ಚಿತ್ರಕ್ಕೆ ಕಟ್ಟು ಹಾಕಿಸುವಾಗ ನೆನಪಿರಲಿ, ಈ ಸೀಮೆಯ ಮಳೆ ಕಾಗದಕ್ಕೆ ಶತ್ರು. ಚಿತ್ರ ಗಾಜಿಗೆ ತಾಗಿಕೊಂಡಿದ್ದರೆ ಪಸೆ ಹಿಡಿದು ಅಂಟಿಕೊಳ್ಳುತ್ತದೆ, ಬಿಡಿಸಹೋದರೆ ಬಣ್ಣವೂ ಕಿತ್ತುಬರುತ್ತದೆ. ಆದ್ದರಿಂದ ನಡುವೆ ರಟ್ಟಿನ ಅಂಚು ಕೊಡಿಸಬೇಕು. ಆ ರಟ್ಟು ಆಮ್ಲರಹಿತವಾಗಿರಬೇಕು, ಅಗ್ಗದ ರಟ್ಟಿನ ಆಮ್ಲಕ್ಕೆ ಕಾಗದ ಹಳದಿಯಾಗುತ್ತದೆ. ಹಿಂಬದಿಯ ಸಂದನ್ನು ಟೇಪಿನಿಂದ ಮುಚ್ಚಿಸಬೇಕು, ಹುಳುಗಳಿಗೆ ದಾರಿಯಾಗುವುದು ಅಲ್ಲಿಂದ. ಮುರಕಲ್ಲಿನ ಹೊರಗೋಡೆ ಮಳೆಗಾಲವಿಡೀ ತೇವ ಹೀರುತ್ತದೆ. ಪಟ ಒಳಗೋಡೆಯಲ್ಲಿರಲಿ, ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಆಟಿಯಲ್ಲೊಮ್ಮೆ ಇಳಿಸಿ, ಬೂಷ್ಟು ಹಿಡಿದಿದೆಯೇ ನೋಡಿ ಒಣಬಟ್ಟೆಯಲ್ಲಿ ಒರಸಿಟ್ಟರೆ ಸಾಕು. ದೀಪಾವಳಿಗೆ ಬರುವ ನೆಂಟರ ಮಕ್ಕಳು ನೋಡುವಾಗ ಆ ಅಡಿಕೆ ಮರ ಇನ್ನೂ ಹತ್ತುತ್ತಲೇ ಇರುತ್ತದೆ.