ಫಾರ್ಮ್ಯಾಟ್ ಒತ್ತುವ ಮುನ್ನ

ಬೀದರ್ ಶಹರದ ಫೋಟೊ ಸ್ಟುಡಿಯೊ ಇರಲಿ, ಔರಾದ್‌ನ ಡಿಟಿಪಿ ಅಂಗಡಿ ಇರಲಿ, ಹಳೆಯ ಮದುವೆ ವಿಡಿಯೊ, ಲಗ್ನಪತ್ರಿಕೆಯ ಫೈಲುಗಳೆಲ್ಲ ಸೇರುವುದು ಎರಡನೇ ಹಾರ್ಡ್‌ಡಿಸ್ಕಿಗೇ. ಅದನ್ನು ಬೇರೆ ಕಂಪ್ಯೂಟರಿಗೆ ಹಚ್ಚಿದಾಗ ವಿಂಡೋಸ್ ಕೆಲವೊಮ್ಮೆ ‘ಮೊದಲು ಫಾರ್ಮ್ಯಾಟ್ ಮಾಡಿ’ ಅನ್ನುತ್ತದೆ. ದಯವಿಟ್ಟು ಒತ್ತಬೇಡಿ. ಡೇಟಾ ಹಾಳಾಗುವುದು ಹೆಚ್ಚಾಗಿ ಆ ಒಂದು ಗಳಿಗೆಯಲ್ಲೇ.

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಫಲಕವನ್ನಷ್ಟೇ ನೋಡಿ ಹೋದವರಿಗೆ ಒಳಗಿನ ಪಾಠ ತಿಳಿಯಲಿಲ್ಲ. ಡಿಸ್ಕಿನದೂ ಹಾಗೆಯೇ. ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಫೈಲ್ ಪದ್ಧತಿಯನ್ನು ವಿಂಡೋಸ್‌ಗೆ ತಾನಾಗಿ ಓದಲು ಬಾರದು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಅನ್ನು ಮ್ಯಾಕ್ ಓದುತ್ತದೆ, ಅದರಲ್ಲಿ ಬರೆಯುವುದಿಲ್ಲ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್‌ಡೌನ್ ಪೂರ್ತಿ ಆಗುವುದಿಲ್ಲ, ಆಗ ಲಿನಕ್ಸ್ ಆ ಡಿಸ್ಕನ್ನು ತೆರೆಯಲು ಹಿಂಜರಿಯುತ್ತದೆ. ಶಿಫ್ಟ್ ಹಿಡಿದು ಶಟ್‌ಡೌನ್ ಮಾಡಿದರೆ ಇದು ಎಷ್ಟೋ ಸಲ ಸರಿಹೋಗುತ್ತದೆ.

ಯಾವ ಸಿಸ್ಟಮ್ಮೂ ಓದದಿದ್ದರೆ? ಮೊದಲು ಕೇಬಲ್ ಬದಲಿಸಿ, ಬಯೋಸ್‌ನಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ರಿಪೇರಿ ಅಂಗಡಿಯವರೂ ಮರೆಯುವ ಸಂಗತಿ ಇನ್ನೊಂದಿದೆ: ಯುಎಸ್‌ಬಿ ಡಬ್ಬಿಯಿಂದ ತೆಗೆದು ನೇರ ಸಾಟಾ ಕೇಬಲ್ಲಿಗೆ ಹಚ್ಚಿದ ಡಿಸ್ಕ್ ಖಾಲಿಯಂತೆ ಕಾಣಬಹುದು. ಕೆಲವು ಡಬ್ಬಿಗಳು 512 ಬೈಟಿನ ಸೆಕ್ಟರನ್ನು 4096 ಎಂದು ತೋರಿಸುತ್ತವೆ. ಡಬ್ಬಿ ಹೋದರೆ ಪಾರ್ಟಿಷನ್ ಲೆಕ್ಕವೇ ತಪ್ಪುತ್ತದೆ. ಅದೇ ಡಬ್ಬಿಗೆ ಮರಳಿಸಿದರೆ ಎಲ್ಲ ಫೈಲೂ ಎಂದಿನಂತೆ ಸಿಗುತ್ತವೆ.

ಕಟಕಟ ಸದ್ದು ಬಂದರೆ ಕೂಡಲೇ ಬಂದ್ ಮಾಡಿ, ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಲೇಬೇಡಿ. ಆ ಡಿಸ್ಕ್ ಡೇಟಾ ರಿಕವರಿ ಬಲ್ಲವರ ಕೈಗೇ ಹೋಗಬೇಕು. ಸದ್ದಿಲ್ಲದೆ ಅಲ್ಲಲ್ಲಿ ಓದಲು ತಡೆಯುವ ಡಿಸ್ಕ್ ಆದರೆ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಪ್ರತಿ ಇನ್ನೊಂದು ದೊಡ್ಡ ಡಿಸ್ಕಿಗೆ ತೆಗೆಯಿರಿ. ಕಳೆದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಓಡಬೇಕಾದದ್ದು ಆ ಪ್ರತಿಯ ಮೇಲೆ. ಎರಡೂ ಪುಕ್ಕಟೆ ಸಿಗುತ್ತವೆ. ತಾಳ್ಮೆ ಮಾತ್ರ ಬಹಳ ಬೇಕು, ದೊಡ್ಡ ಡಿಸ್ಕ್ ಇಡೀ ದಿನ ತಿನ್ನಬಹುದು.

ಹೊಸ ಡಿಸ್ಕ್ ತಂದವರು ಅದರಲ್ಲಿ ಇನ್ನೇನೂ ತುಂಬುವ ಮೊದಲೇ ಎಕ್ಸ್‌ಫ್ಯಾಟ್ ಮಾಡಿಸಿಕೊಳ್ಳಲಿ. 2006ರಲ್ಲಿ ಬಂದ ಈ ಪದ್ಧತಿಯನ್ನು ವಿಂಡೋಸ್, ಮ್ಯಾಕ್ ಎರಡೂ ಓದಿ ಬರೆಯುತ್ತವೆ, 2019ರ 5.4 ಆವೃತ್ತಿಯಿಂದ ಲಿನಕ್ಸ್ ಕರ್ನೆಲ್‌ನಲ್ಲೂ ಇದೆ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರದು, ಮದುವೆ ವಿಡಿಯೊಗೆ ಅದು ಸಾಲದು. ಆದರೆ ಎಕ್ಸ್‌ಫ್ಯಾಟ್‌ಗೆ ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ಇಲ್ಲ. ಬರೆಯುವಾಗ ಕರೆಂಟ್ ಹೋದರೆ ಫೈಲ್ ಕೆಡಬಹುದು. ಆದ್ದರಿಂದ ಗಿರಾಕಿಯ ಮದುವೆ ವಿಡಿಯೊ ಇರುವ ಸ್ಟುಡಿಯೊದಲ್ಲಿ ಯುಪಿಎಸ್ ಒಂದು, ಅದೇ ವಿಡಿಯೊದ ಮತ್ತೊಂದು ಪ್ರತಿ ಇನ್ನೊಂದು ಡಿಸ್ಕಿನಲ್ಲಿ ಇರಲೇಬೇಕು.