ಮಗ್ಗ ನಿಂತಾಗ ಮನೆ ನಡೆಸುವುದು ಹೇಗೆ?



ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸಪ್ಪಳದ ಜೊತೆಗೇ ಬೆಳಗಾಗುತ್ತದೆ. ಖಟಪಟ, ಖಟಪಟ. ಮನೆಯ ಗಂಡಸು ಮಗ್ಗದ ಮುಂದೆ ನಿಂತರೆ, ಹೆಂಗಸು ಕಂಡಿಕಿ ಸುತ್ತುತ್ತಾಳೆ. ವಾರಕ್ಕೊಮ್ಮೆ ಪಗಾರ ಆಗುತ್ತದೆ. ಆ ಪಗಾರದಲ್ಲಿ ಸಂತೆ ಆಗುತ್ತದೆ. ಹೊಸಬರು ಬಂದರೆ ಈ ಸಪ್ಪಳಕ್ಕೆ ರಾತ್ರಿ ನಿದ್ದೆ ಬರೋದಿಲ್ಲ ಅಂತಾರೆ. ನಮಗೆ ಸಪ್ಪಳ ನಿಂತರೇ ನಿದ್ದೆ ಬರೋದಿಲ್ಲ.

2020ರ ಮಾರ್ಚ್ 25ರಂದು ಸಪ್ಪಳ ನಿಂತಿತು. ಕೊರೊನಾ ರೋಗ ಹರಡಬಾರದು ಎಂದು ಇಡೀ ದೇಶದಲ್ಲಿ ಲಾಕ್‌ಡೌನ್ ಮಾಡಿದರು. ನೂಲು ಬರಲಿಲ್ಲ. ಸೀರೆ ಹೋಗಲಿಲ್ಲ. ಮದುವೆಯ ಹಂಗಾಮು ಹಾಗೇ ಕಳೆದುಹೋಯಿತು. ಏಪ್ರಿಲ್, ಮೇ ತಿಂಗಳು ಸೀರೆ ಮಾರುವ ಕಾಲ. ಆದರೆ ಆ ವರ್ಷ ನೇಯ್ದ ಸೀರೆ ಗಂಟಿನಲ್ಲೇ ಉಳಿಯಿತು. ಪಗಾರ ಇಲ್ಲ. ಆದರೂ ಹೊತ್ತಿಗೆ ಸರಿಯಾಗಿ ಮಕ್ಕಳಿಗೆ ಹಸಿವಾಗುತ್ತಿತ್ತು.

ಆ ಹೊತ್ತಿನಲ್ಲಿ ಸರ್ಕಾರದಿಂದ ಅಷ್ಟಿಷ್ಟು ನೆರವು ಬಂತು. ಹೆಣ್ಣುಮಕ್ಕಳ ಜನಧನ ಖಾತೆಗೆ ತಿಂಗಳಿಗೆ 500 ರೂಪಾಯಿ ಜಮಾ ಆಯಿತು. ಏಪ್ರಿಲ್, ಮೇ, ಜೂನ್, ಮೂರೇ ತಿಂಗಳು. ರೇಷನ್ ಅಂಗಡಿಯಲ್ಲಿ ಪುಕ್ಕಟೆ ಧಾನ್ಯ ಕೊಟ್ಟರು. ಕೈಮಗ್ಗದ ನೇಕಾರರಿಗೆ ರಾಜ್ಯ ಸರ್ಕಾರ ನೇಕಾರ ಸಮ್ಮಾನ್ ಯೋಜನೆ ಶುರು ಮಾಡಿತು. ಮೊದಲು ವರ್ಷಕ್ಕೆ 2,000 ರೂಪಾಯಿ ಇತ್ತು. ಮುಂದೆ ಅದು 5,000 ಆಯಿತು. ಇದು ಎಷ್ಟು ದಿನಕ್ಕೆ ಸಾಕಾಗುತ್ತದೆ? ಹಾಗೆ ಸುಮ್ಮನೆ ಹೇಳಲು ಬರುವುದಿಲ್ಲ. ಲೆಕ್ಕ ಮಾಡಬೇಕು. ಬನ್ನಿ, ಮಾಡೋಣ.

ದಿನದ ಲೆಕ್ಕ

ಐದು ಮಂದಿಯ ಒಂದು ಮನೆ ಅಂದುಕೊಳ್ಳಿ. ದಿನಕ್ಕೆ ಒಂದು ಕಿಲೋ ಜೋಳ, 40 ರೂಪಾಯಿ. ಬೇಳೆ, ಎಣ್ಣೆ, ಉಪ್ಪು, ಖಾರ 50 ರೂಪಾಯಿ. ಕಾಯಿಪಲ್ಲೆ 30. ಹಾಲು, ಚಹಾ, ಸಕ್ಕರೆ 40. ಗ್ಯಾಸು, ಸಾಬೂನು, ಸಣ್ಣಪುಟ್ಟದ್ದು 40. ಎಲ್ಲಾ ಕೂಡಿಸಿದರೆ 200 ರೂಪಾಯಿ.

ಇಷ್ಟಕ್ಕೇ ಮುಗಿಯಲಿಲ್ಲ. ತಿಂಗಳಿಗೊಮ್ಮೆ ಬರುವ ಖರ್ಚು ಬೇರೆ ಇವೆ. ಮನೆ ಬಾಡಿಗೆ 1,500. ಅತ್ತೆಯ ಬಿ.ಪಿ. ಗುಳಿಗೆ 300. ಸಾಲದ ಕಂತು 1,200. ಒಟ್ಟು 3,000. ಇದನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 100.

ಅಂದರೆ ಈ ಮನೆ ಒಂದು ದಿನ ನಡೆಯಲು 300 ರೂಪಾಯಿ ಬೇಕು. ಮಗ್ಗ ನಡೆದರೂ ಬೇಕು, ನಿಂತರೂ ಬೇಕು. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು. ಸಂತೆಯ ದರವೂ ಏರಿಳಿಯುತ್ತದೆ. ಆದರೆ ಲೆಕ್ಕ ಹಾಕುವ ರೀತಿ ಇದೇ.

ಈಗ ಹೇಳಿ. ಜನಧನ ಖಾತೆಗೆ ಬಂದ 500 ರೂಪಾಯಿ ಈ ಮನೆಗೆ ಎಷ್ಟು ದಿನ ಆಗುತ್ತದೆ? ಎರಡು ದಿನವೂ ಪೂರಾ ಆಗುವುದಿಲ್ಲ. ನೇಕಾರ ಸಮ್ಮಾನ್ ಯೋಜನೆಯ 5,000 ರೂಪಾಯಿ 16 ದಿನ ಆಗುತ್ತದೆ, 200 ಉಳಿಯುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಆರು ದಿನ ಆಗುತ್ತದೆ.

ಗೃಹಲಕ್ಷ್ಮಿಯ ಬಗ್ಗೆ ಒಂದು ಮಾತು. ಆ ಯೋಜನೆ 2023ರ ಆಗಸ್ಟಿನಲ್ಲಿ ಶುರುವಾಯಿತು. ಬಹಳ ಮನೆಗಳಿಗೆ ಆಸರೆಯಾಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಹಣ ಕೆಲವು ಸಲ ತಿಂಗಳುಗಟ್ಟಲೆ ತಡವಾಗಿಯೂ ಬಂದಿದೆ. ಅದನ್ನೇ ನಂಬಿ ಕಂತು ಕಟ್ಟುತ್ತೇನೆ ಎಂದು ಒಪ್ಪಿಕೊಂಡರೆ, ತಡವಾದ ತಿಂಗಳು ನೀವು ಸಿಕ್ಕಿಬೀಳುತ್ತೀರಿ. ನನ್ನ ಮಟ್ಟಿಗೆ, ಆ ಹಣದಲ್ಲಿ ಒಂದು ಪಾಲನ್ನು ಬಂದ ದಿನವೇ ತೆಗೆದಿಡುವುದು ಒಳ್ಳೇದು.

ದುಡಿಮೆ ಏಕೆ ನಿಲ್ಲುತ್ತದೆ?

ದುಡಿಮೆ ನಿಲ್ಲುವುದರಲ್ಲಿ ಎರಡು ಬಗೆ ಇದೆ. ಒಂದು, ನಮಗೆ ಮೊದಲೇ ಗೊತ್ತಿರುವುದು. ಆಷಾಢದಲ್ಲಿ ಮದುವೆ ಇಲ್ಲ, ಸೀರೆಗೆ ಗಿರಾಕಿ ಕಡಿಮೆ. ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಯ ಕಬ್ಬು ನುರಿಸುವ ಹಂಗಾಮು ಮುಗಿದರೆ, ಅದನ್ನೇ ನಂಬಿದ ಕೂಲಿಯೂ ಮುಗಿಯಿತು. ಇದು ವರ್ಷವೂ ಬರುತ್ತದೆ. ಪಂಚಾಂಗ ನೋಡಿಯೇ ಹೇಳಬಹುದು.

ಕಬ್ಬು ಬೆಳೆದವರ ಮನೆಯಲ್ಲಿ ಇನ್ನೊಂದು ತೊಂದರೆ. ಕಬ್ಬು ಕಾರ್ಖಾನೆಗೆ ಹೋಗಿರುತ್ತದೆ, ಬಿಲ್ಲು ಬಂದಿರುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಕಾನೂನು ಹೀಗಿದ್ದರೂ ಬಿಲ್ಲಿಗಾಗಿ ರೈತರು ಬೀದಿಗಿಳಿದದ್ದನ್ನು ನಾವು ಕಂಡಿದ್ದೇವೆ. ಹಾಗಾಗಿ ಬಿಲ್ಲು ಬರುವ ಮೊದಲೇ ಅದನ್ನು ಖರ್ಚಿಗೆ ಹಂಚಬೇಡಿ. ಕಬ್ಬಿನ ತೂಕದ ಚೀಟಿ ಮನೆಯಲ್ಲಿ ಎಲ್ಲಿದೆ ಎಂದು ಹೆಣ್ಣುಮಕ್ಕಳಿಗೂ ಗೊತ್ತಿರಲಿ.

ಎರಡನೆಯದು, ಹೇಳದೆ ಕೇಳದೆ ಬರುವುದು. ರೋಗ, ಅಪಘಾತ, ಹೊಳೆ. 2005, 2009, 2019 ಈ ಮೂರು ವರ್ಷ ನೆನಪಿವೆಯಲ್ಲ? 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿದವು. ಜಮಖಂಡಿ, ಮುಧೋಳ ಭಾಗದ ದಂಡೆಯ ಊರುಗಳಿಗೆ ನೀರು ಹೊಕ್ಕಿತು. ಮನೆಯಲ್ಲಿದ್ದ ಕಾಳು ನೆನೆಯಿತು, ಮಗ್ಗ ನೆನೆಯಿತು, ದನಕರು ಕಟ್ಟಲು ಜಾಗ ಇಲ್ಲದಾಯಿತು. ಏಳೇ ತಿಂಗಳಿಗೆ ಲಾಕ್‌ಡೌನ್ ಬಂತು. ಒಂದು ಪೆಟ್ಟಿನಿಂದ ಏಳುವಷ್ಟರಲ್ಲಿ ಇನ್ನೊಂದು.

ಬೀಳಗಿ ಕಡೆಯವರಿಗೆ ಬೇರೆಯದೇ ಅನುಭವ. ಆಲಮಟ್ಟಿ ಹಿನ್ನೀರಿಗೆ ಹೊಲ, ಮನೆ ಹೋದವು. ಪರಿಹಾರದ ರೊಕ್ಕ ಗಂಟಾಗಿ ಬಂತು. ಆದರೆ ಹೊಲ ವರ್ಷವೂ ಕೊಡುತ್ತಿತ್ತು, ಪರಿಹಾರ ಒಂದೇ ಸಲ. ಗಂಟು ರೊಕ್ಕ ಕಂಡಾಗ ಅದು ಎಷ್ಟು ವರ್ಷದ ಊಟ ಎಂದು ಭಾಗಿಸಿ ನೋಡಬೇಕು.

ಹಗೇವಿನ ಬುದ್ಧಿ

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಲ್ಲಿ ಕುಣಿ ತೋಡಿ, ಕಾಳು ತುಂಬಿ, ಬಾಯಿ ಮುಚ್ಚುತ್ತಿದ್ದರು. ಬರ ಬಿದ್ದರೆ ಹಗೇವು ತೆಗೆಯುತ್ತಿದ್ದರು. ಈಗ ಬಹಳ ಮನೆಗಳಲ್ಲಿ ಹಗೇವು ಇಲ್ಲ. ವಾರದ ಪಗಾರ ಬಂದರೆ ವಾರಕ್ಕಾಗುವಷ್ಟು ಜೋಳ ತರುತ್ತೇವೆ. ಹಾಗಾಗಿ ಪಗಾರ ನಿಂತ ಎಂಟನೇ ದಿನಕ್ಕೆ ಡಬ್ಬಿ ಖಾಲಿ.

ಹಗೇವು ತೋಡುವುದು ಬೇಡ. ಒಂದು ಬೇರೆ ಡಬ್ಬಿ ಇಡಿ. ದಿನಾ ರೊಟ್ಟಿಗೆ ಹಿಟ್ಟು, ಅನ್ನಕ್ಕೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಕಾಳು ಆ ಡಬ್ಬಿಗೆ ಹಾಕಿ. ಒಂದು ಹಿಡಿ ಸುಮಾರು 50 ಗ್ರಾಂ. ತಿಂಗಳಿಗೆ ಒಂದೂವರೆ ಕಿಲೋ. ವರ್ಷಕ್ಕೆ 18 ಕಿಲೋ. ನಮ್ಮ ಲೆಕ್ಕದ ಮನೆಗೆ ಇದು 18 ದಿನದ ಜೋಳ! ಹುಳ ಬೀಳದಂತೆ ಬಿಸಿಲಿಗೆ ಒಣಗಿಸಿ, ಬೇವಿನ ಎಲೆ ಹಾಕಿ. ಹಳೆಯದನ್ನು ತಿನ್ನುತ್ತಾ ಹೊಸದು ತುಂಬಿ.

ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸಂಡಿಗಿ, ಶಾವಿಗಿ, ಕಟಕ ರೊಟ್ಟಿ ಇವೂ ನಮ್ಮ ಕಷ್ಟಕಾಲದ ಗಂಟೇ. ಕಾಯಿಪಲ್ಲೆ ಇಲ್ಲದ ದಿನ ಚಟ್ನಿಯಲ್ಲಿ ಊಟ ಮುಗಿಯುತ್ತದೆ. ಇದನ್ನು ಯಾರೂ ನಿಮಗೆ ಕಲಿಸಬೇಕಿಲ್ಲ.

ರೊಕ್ಕ ಎಲ್ಲಿ ಇಡಬೇಕು?

ವಾರಕ್ಕೆ 50 ರೂಪಾಯಿ ತೆಗೆದಿಟ್ಟರೆ 52 ವಾರಕ್ಕೆ 2,600. ಮನೆಗೆ ದಿನಕ್ಕೆ 300 ಬೇಕಾದರೆ ಇದು ಎಂಟೂವರೆ ದಿನ ನಡೆಯುತ್ತದೆ. "ಅಯ್ಯ, ವರ್ಷ ಕೂಡಿಟ್ಟರೆ ಎಂಟೇ ದಿನಾನ?" ಅಂತೀರಿ. ಹೌದು. ಆದರೆ ಇನ್ನೊಂದು ಲೆಕ್ಕ ನೋಡಿ. ಡಬ್ಬಿಯಲ್ಲಿ ಜೋಳ ಇದ್ದರೆ ದಿನಕ್ಕೆ 40 ಉಳಿಯಿತು. ಸಾಲದ ಕಂತು ಇಲ್ಲದಿದ್ದರೆ ಇನ್ನೂ 40 ಉಳಿಯಿತು. ದಿನದ ಖರ್ಚು 220ಕ್ಕೆ ಇಳಿಯಿತು. ಅದೇ 2,600 ಈಗ 11 ದಿನ ದಾಟುತ್ತದೆ. ಮಗ್ಗ ನಡೆಯುವಾಗ ಹಳೆಯ ಸಾಲ ತೀರಿಸುವುದೂ ಒಂದು ಉಳಿತಾಯವೇ.

ಈ ರೊಕ್ಕ ನಿಮ್ಮ ಹೆಸರಿನ ಬ್ಯಾಂಕ್ ಖಾತೆಯಲ್ಲೋ ಪೋಸ್ಟ್ ಆಫೀಸಿನಲ್ಲೋ ಇರಲಿ. ಸಾಸಿವೆ ಡಬ್ಬಿಯಲ್ಲಿ ಇಟ್ಟ ರೊಕ್ಕ ಹಬ್ಬಕ್ಕೋ, ಮನೆಯವರ ಚಟಕ್ಕೋ ಹೋಗುತ್ತದೆ. ಎರಡು ದಿನದ ಖರ್ಚು ಮಾತ್ರ ಕೈಯಲ್ಲಿರಲಿ.

ನಮ್ಮಲ್ಲಿ ಬಹಳ ಹೆಂಗಸರು ಭಿಶಿ ಆಡುತ್ತಾರೆ. ಭಿಶಿ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಪಾತ್ರೆ ಕೊಳ್ಳಲು, ಓಲೆ ಮಾಡಿಸಲು ಆಗುತ್ತದೆ. ಆದರೆ ಭಿಶಿಯ ಸರದಿ ಬಂದಾಗ ರೊಕ್ಕ ಬರುತ್ತದೆಯೇ ಹೊರತು ಮಗ್ಗ ನಿಂತಾಗ ಬರುವುದಿಲ್ಲ. ಓಣಿಯವರೆಲ್ಲರ ಮಗ್ಗ ಒಟ್ಟಿಗೇ ನಿಂತರೆ ಭಿಶಿಯೂ ನಿಲ್ಲುತ್ತದೆ. ಸ್ತ್ರೀಶಕ್ತಿ ಸಂಘದ ಉಳಿತಾಯ ಇದಕ್ಕಿಂತ ವಾಸಿ. ಅಲ್ಲಿ ಪುಸ್ತಕ ಇರುತ್ತದೆ, ಬ್ಯಾಂಕಿನಲ್ಲಿ ಖಾತೆ ಇರುತ್ತದೆ, ಅವಸರಕ್ಕೆ ಸಣ್ಣ ಸಾಲ ಸಿಗುತ್ತದೆ.

ಕೂಡಿ ಹಾಕಿದರೆ ಏನಾಗುತ್ತದೆ ಎಂದು ನೋಡಲು ನಾವು ದೂರ ಹೋಗಬೇಕಿಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಬಳಿ ಕೃಷ್ಣಾ ನದಿಗೆ 1989ರಲ್ಲಿ ರೈತರೇ ರೊಕ್ಕ ಕೂಡಿಸಿ, ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಆ ನೀರು ಇಂದಿಗೂ ಹೊಲಕ್ಕೆ ಹೋಗುತ್ತಿದೆ.

ಸಾಲದ ಮಾತು

ಪಗಾರ ನಿಂತಾಗ ಮೊದಲು ನೆನಪಾಗುವುದು ಸಾಲ. ಮಗ್ಗದ ಮಾಲೀಕರಿಂದ ಮುಂಗಡ ತರುತ್ತೇವೆ. ಮಗ್ಗ ಶುರುವಾದ ಮೇಲೆ ವಾರವಾರವೂ ಪಗಾರದಲ್ಲಿ ಅದು ಕಡಿತ ಆಗುತ್ತದೆ. ಬಾಕಿ ತೀರುವ ತನಕ ಬೇರೆ ಮಗ್ಗಕ್ಕೆ ಹೋಗಲು ಆಗುವುದಿಲ್ಲ. ಕೈಗಡ ತಂದರೆ ಬಡ್ಡಿ. ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿ ಎಂದರೆ ಸಣ್ಣದು ಅನಿಸುತ್ತದೆ. 10,000ಕ್ಕೆ ತಿಂಗಳಿಗೆ 500 ಆಯಿತು. ವರ್ಷಕ್ಕೆ 6,000. ಅಸಲು 10,000 ಹಾಗೇ ಉಳಿಯಿತು!

ಸಾಲ ಬೇಕೇ ಬೇಕು ಎಂದಾದರೆ ಮೊದಲು ಸಂಘ, ಆಮೇಲೆ ಬ್ಯಾಂಕು ಅಥವಾ ಸೊಸೈಟಿ. ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅಡವಿಡಿ, ಚೀಟಿ ಜೋಪಾನ ಮಾಡಿ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ತರುವುದು ಮಾತ್ರ ಬ್ಯಾಡ. ಹಾಗೆ ಹೋದವರು ವಾರಕ್ಕೆ ಮೂರು ಕಡೆ ಕಂತು ಕಟ್ಟುವುದನ್ನು ನೀವೂ ನೋಡಿದ್ದೀರಿ.

ಕಂತು ಕಟ್ಟಲು ಆಗುವುದಿಲ್ಲ ಎಂದು ಕಂಡರೆ, ತಪ್ಪುವ ಮೊದಲೇ ಹೋಗಿ ಹೇಳಿ. 2020ರಲ್ಲಿ ಮಾರ್ಚ್‌ನಿಂದ ಆಗಸ್ಟ್ ತನಕ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. "ಸಾಲ ಮಾಫ್ ಆಯಿತು" ಎಂದು ಎಷ್ಟೋ ಮಂದಿ ತಿಳಿದರು. ಮಾಫ್ ಆಗಿರಲಿಲ್ಲ, ಮುಂದೆ ಹೋಗಿತ್ತು ಅಷ್ಟೇ. ಬಡ್ಡಿ ನಡೆದೇ ಇತ್ತು. ಇಂಥ ಸುದ್ದಿ ಬಂದಾಗ ಈ ಎರಡು ಮಾತು ಕೇಳಿ: "ಇದು ಮಾಫಾ, ಮುಂದೂಡಿದ್ದಾ? ಬಡ್ಡಿ ನಡೀತದ ಇಲ್ಲ?"

ಕಂತು ತಪ್ಪಿತು ಎಂದು ಮನೆ ಮುಂದೆ ನಿಂತು ಬೈಯುವುದು, ಹೆದರಿಸುವುದು, ಸಾಮಾನು ಎತ್ತಿಕೊಂಡು ಹೋಗುವುದು ತಪ್ಪು. ಹೀಗೆ ಕಿರುಕುಳ ಕೊಟ್ಟು ವಸೂಲಿ ಮಾಡುವುದನ್ನು ತಡೆಯಲು 2025ರಲ್ಲಿ ಕರ್ನಾಟಕದಲ್ಲಿ ಕಾನೂನು ಬಂದಿದೆ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಬಹುದು. ಫೋನಿನಲ್ಲಿ 112 ಒತ್ತಬಹುದು. ಮರ್ಯಾದೆ ಹೋಯಿತೆಂದು ಯಾರೂ ಜೀವಕ್ಕೆ ಕೈ ಹಾಕಬಾರದು.

ನಿಂತ ದಿನ ಏನು ಮಾಡಬೇಕು?

ಆ ದಿನವೇ ಮನೆಯವರೆಲ್ಲ ಕೂತು ಮಾತಾಡಬೇಕು. ಗಂಡಸರು ಎಷ್ಟೋ ಸಲ ಕೆಲಸ ಇಲ್ಲದ್ದನ್ನು ನಾಲ್ಕು ದಿನ ಹೇಳುವುದೇ ಇಲ್ಲ. ಆ ನಾಲ್ಕು ದಿನ ಮನೆಯಲ್ಲಿ ಎಂದಿನಂತೆ ಖರ್ಚು ನಡೆದಿರುತ್ತದೆ.

ಮೊದಲು ಯಾವುದನ್ನು ಬಿಡಬಹುದು ಎಂದು ಬರೆಯಿರಿ. ಅಂಗಡಿಯ ತಿಂಡಿ, ಗುಟ್ಕಾ, ಸೆರೆ, ದೊಡ್ಡ ರಿಚಾರ್ಜು, ಹೊಸ ಬಟ್ಟೆ, ದೊಡ್ಡ ಆಹೇರಿ. ಬಿಡಬಾರದ್ದೂ ಇದೆ. ಮಗುವಿನ ಹಾಲು, ಬಾಣಂತಿಯ ಊಟ, ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ, ಮಕ್ಕಳ ಶಾಲೆ. ಮಗಳನ್ನು ಶಾಲೆ ಬಿಡಿಸಿ ಕಂಡಿಕಿ ಸುತ್ತಲು ಕೂಡಿಸಿದರೆ, ಮಗ್ಗ ಶುರುವಾದ ಮೇಲೂ ಆಕೆ ಶಾಲೆಗೆ ಮರಳುವುದು ಕಷ್ಟ. ನಾನು ಶಾಲೆಯಲ್ಲಿ ಕಲಿಸುವವಳು. 2020ರ ನಂತರ ಹಾಜರಿ ಕರೆಯುವಾಗ ಉತ್ತರ ಬರದ ಹೆಸರುಗಳು ಇದ್ದವು. ನಿಮ್ಮ ಪಾಲಿನ ಊಟವನ್ನೂ ಬಿಡಬೇಡಿ. ಎಲ್ಲರಿಗೂ ಬಡಿಸಿ ತಾನು ನೀರು ಕುಡಿದು ಮಲಗುವ ತಾಯಿ ಹದಿನೈದು ದಿನಕ್ಕೆ ಹಾಸಿಗೆ ಹಿಡಿದರೆ ದವಾಖಾನೆಯ ಖರ್ಚು ಬೇರೆ.

ಉದ್ರಿ ತರುವಾಗ ಅಂಗಡಿಯವರ ಪುಸ್ತಕದಲ್ಲಿ ಬರೆದದ್ದನ್ನು ನಿಮ್ಮ ಪುಸ್ತಕದಲ್ಲೂ ಬರೆಯಿರಿ. ತಾರೀಖು, ಸಾಮಾನು, ರೂಪಾಯಿ.

ದಂಡೆಯ ಊರಿನವರು ಮಳೆಗಾಲಕ್ಕೆ ಮೊದಲೇ ಒಂದು ಪ್ಲಾಸ್ಟಿಕ್ ಚೀಲ ಸಿದ್ಧ ಮಾಡಿ. ಪಾಸ್‌ಬುಕ್, ರೇಷನ್ ಕಾರ್ಡ್, ಆಧಾರ್, ಹೊಲದ ಉತಾರ, ಅಡವಿನ ಚೀಟಿ, ನೇಕಾರರ ಗುರುತಿನ ಚೀಟಿ ಅದರಲ್ಲಿ ಇರಲಿ. ಅದನ್ನು ಪೆಟ್ಟಿಗೆಯ ತಳದಲ್ಲಿ ಇಡಬೇಡಿ, ಗೋಡೆಯ ಎತ್ತರದ ಗೂಟಕ್ಕೆ ಹಾಕಿ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಕೆಳಗಿನ ಖಾಲಿ ಜಾಗ ತುಂಬಿ. ಮನೆಯವರಿಗೂ ಓದಿ ಹೇಳಿ.

ನಮ್ಮ ಮನೆಯಲ್ಲಿ ಇರುವವರು ........ ಮಂದಿ.
ದಿನದ ಖರ್ಚು ........ ರೂಪಾಯಿ.
ತಿಂಗಳ ಬಾಡಿಗೆ, ಗುಳಿಗೆ, ಕಂತು ........ ರೂಪಾಯಿ.
ನನ್ನ ಖಾತೆಯಲ್ಲಿ ಇರುವುದು ........ ರೂಪಾಯಿ.
ಡಬ್ಬಿಯಲ್ಲಿ ಇರುವ ಜೋಳ ........ ಕಿಲೋ.
ಪಗಾರ ಇಲ್ಲದೆ ನಮ್ಮ ಮನೆ ನಡೆಯುವುದು ........ ದಿನ.