ಶೌಚದ ಮಾತಿಗೆ ನಾಚಿಕೆ ಯಾಕೆ?
ಮದ್ರಸದಲ್ಲಿ ಮಕ್ಕಳಿಗೆ ಶೌಚದ ಮಸ್‌ಅಲಗಳನ್ನು ನಾವು ನಾಚದೆ ಕಲಿಸುತ್ತೇವೆ. ಆದರೆ ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ ಇರ್ಬೇಕು’ ಅಂತ ಮನೆಯಲ್ಲೂ ಹೇಳದೆ ಸುಮ್ಮನಾಗುತ್ತೇವೆ. ಅದು ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಆಗಿರಬಹುದು.

ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಉಪಕಾರಿ. ಆದರೆ ಬಾಯಿಯಲ್ಲಿ ವಾಸಿಸುವ ಫ್ಯೂಸೋಬ್ಯಾಕ್ಟೀರಿಯಂ ಈ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಾಗಿರುವುದನ್ನು 2012ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮಲದಲ್ಲಿ ಅದನ್ನು ಹುಡುಕಿ ರೋಗವನ್ನು ಬೇಗ ಪತ್ತೆ ಹಚ್ಚುವ ಸಂಶೋಧನೆ ನಡೆದಿದೆ.

ಅದಕ್ಕೆ ಕಾಯಬೇಕಿಲ್ಲ. ಕಣ್ಣಿಗೆ ಕಾಣದ ರಕ್ತ ಹುಡುಕುವ ಮಲಪರೀಕ್ಷೆ, ಕೊಲೊನೋಸ್ಕೋಪಿ ಈಗಲೇ ಇವೆ. ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷದಷ್ಟು ಹಿಡಿಯುತ್ತದೆ. ಮೊದಲೇ ಕಂಡರೆ ತೆಗೆಯಬಹುದು.

ಉಪ್ಪ, ಉಮ್ಮನ ಬಳಿ ಇಂದೇ ಕೇಳೋಣ. ರಕ್ತ ಕಂಡಿದ್ದರೆ ಡಾಕ್ಟರರ ಬಳಿ ಕರೆದೊಯ್ಯೋಣ. ಚಿಕಿತ್ಸೆ ಮಾಡಿಸುವುದೂ ಸುನ್ನತ್ ಅಲ್ಲವೇ?